ಒಂದು ಸಲ ಕಚ್ಚಾಡಿದ ನಾಯಿಯನ್ನು ನಾಯಿ ನೆನಪಿಟ್ಟುಕೊಳ್ಳುತ್ತದಾ?

ಆಲ್ದೂರು ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಆಲ್ದೂರು ಹತ್ತಿರ ಸಣ್ಣ ಕಾಫಿ ತೋಟ. ನಮ್ಮ ಮನೆ, ದೊಡ್ಡಪ್ಪನ ಮನೆ ಅಕ್ಕಪಕ್ಕ. ಕಣ ಇಬ್ಬರಿಗೂ ಒಂದೇ. ನಮ್ಮದು ಕರಿಯ ಅಂತ, ನಾಟಿ ನಾಯಿ, ಗಂಡು. ದೊಡ್ಡಪ್ಪನವರದು ಲ್ಯಾಬ್ರಡಾರ್ ಮಿಕ್ಸ್, ಬ್ರೂನೋ ಅಂತ, ಅದೂ ಗಂಡೇ. ಮರಿಗಳಾಗಿದ್ದಾಗಿಂದ ಜೊತೆಗೇ ತಿರುಗುತ್ತಿದ್ದವು. ಹೋದ ರೊಬಸ್ಟಾ ಕೊಯ್ಲಿನ ಹೊತ್ತಿಗೆ ಕಣದಲ್ಲೇ ಕಚ್ಚಾಡಿಕೊಂಡವು ನೋಡಿ, ಬಿಡಿಸೋಕೆ ಹಣ್ಣು ಕೊಯ್ಯುತ್ತಿದ್ದವರೆಲ್ಲ ಓಡಿ ಬರಬೇಕಾಯಿತು. ಕರಿಯನ ಕಿವಿ ಹರಿಯಿತು. ಬ್ರೂನೋಗೆ ಕುತ್ತಿಗೆ ಹತ್ತಿರ ಎರಡು ಸಣ್ಣ ತೂತು ಅಷ್ಟೇ ಕಂಡದ್ದು, ಆಮೇಲೆ ಒಳಗೊಳಗೇ ಕೀವು ಕಟ್ಟಿ ಊದಿಕೊಂಡು ಡಾಕ್ಟರ ಹತ್ತಿರ ಕೊಯ್ಯಿಸಬೇಕಾಯಿತು. ಅದಾದ ಮೇಲೆ ದೊಡ್ಡಪ್ಪ ಅದನ್ನು ಹಾಸನದ ಅಣ್ಣನ ಮನೆಗೆ ಕಳಿಸಿಬಿಟ್ಟರು. ಈಗ ಅಣ್ಣನಿಗೆ ಬೆಂಗಳೂರಿಗೆ ವರ್ಗ ಆಗಿದೆ, ಬ್ರೂನೋ ವಾಪಸ್ ಬರುತ್ತಿದೆ.

ನನ್ನ ಪ್ರಶ್ನೆ ಇಷ್ಟೇ. ಇಷ್ಟು ತಿಂಗಳಾದ ಮೇಲೆ ಇವನೇ ಅವನು ಅಂತ ಕರಿಯನಿಗೆ ಗೊತ್ತಾಗುತ್ತದಾ? ದೊಡ್ಡಪ್ಪ, "ಸುಮ್ನಿರೋ, ನಾಯಿಗೆಲ್ಲ ಎಲ್ಲಿ ನೆನಪಿರುತ್ತೆ" ಅನ್ನುತ್ತಾರೆ. ಅಮ್ಮ, "ಪಕ್ಕದ ತೋಟದ ಬೇಲಿ ಜಗಳ ನೀವು ಮರೆತಿದ್ದೀರಾ?" ಅಂತ ಅವರಿಗೇ ತಿರುಗಿಸಿ ಕೇಳಿದರು! ಇನ್ನೊಂದು ವಿಷಯ. ನಮ್ಮ ಕಡೆ ಚಿರತೆ ಕಾಟ, ಹಾಗಾಗಿ ಮೊದಲು ರಾತ್ರಿ ಎರಡನ್ನೂ ಒಂದೇ ಶೆಡ್ಡಿನಲ್ಲಿ ಕೂಡುತ್ತಿದ್ದೆವು. ಈಗಲೂ ಹಾಗೇ ಮಾಡಬಹುದಾ?

ಮೂಡಿಗೆರೆ ಗೌಡ್ರು:
ನೆನಪಿರುತ್ತೆ ಮಾರಾಯ, ಅನುಮಾನವೇ ಬೇಡ. ನಮ್ಮ ಟೈಗರ್‌ಗೆ ಊರೊಳಗಿನ ಒಂದು ಮನೆಯ ನಾಯಿ ಗೇಟಿನ ಹತ್ತಿರ ಸರಿಯಾಗಿ ಕಚ್ಚಿತ್ತು. ಅವತ್ತಿಂದ ಆ ಗೇಟು ಬಂತು ಅಂದರೆ ಸಾಕು, ಬೆನ್ನಿನ ಕೂದಲು ನಿಮಿರಿಸಿಕೊಂಡು ರಸ್ತೆಯ ಆ ಕಡೆಗೆ ಹೋಗಿ ನಡೆಯುತ್ತಿತ್ತು. ಆ ನಾಯಿ ಸತ್ತು ಎಷ್ಟೋ ಕಾಲ ಆದಮೇಲೂ ಹಾಗೇ. ನಾಯಿ ಮರೆಯುವ ಪ್ರಾಣಿ ಅಲ್ಲ. ನಿಮ್ಮ ದೊಡ್ಡಪ್ಪನವರಿಗೆ ಹೇಳಿ.

ಹಾಸನದ ವೆಟ್:
ನಾನು ಹಾಸನದ ಪಶುವೈದ್ಯಕೀಯ ಕಾಲೇಜಲ್ಲಿ ಓದಿದವಳು, ಈಗ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಗೌಡ್ರೇ, ನೀವು ಹೇಳಿದ ಟೈಗರ್ ಕಥೆ ತುಂಬ ಚೆನ್ನಾಗಿದೆ, ಆದರೆ ಅದು ಬೇರೆ ಏನನ್ನೋ ಹೇಳುತ್ತದೆ. ನಾಯಿ ಸತ್ತಮೇಲೂ ಟೈಗರ್ ಹೆದರಿತು ಅಂದರೆ, ಅದು ನೆನಪಿಟ್ಟುಕೊಂಡಿದ್ದು ನಾಯಿಯನ್ನು ಮಾತ್ರ ಅಲ್ಲ, ಗೇಟನ್ನೂ ಸೇರಿಸಿ. ಕಚ್ಚಿಸಿಕೊಂಡ ಜಾಗ, ಆ ವಾಸನೆ, ಆಗ ಪಕ್ಕದಲ್ಲಿ ಇದ್ದವರು, ಎಲ್ಲ ಒಂದೇ ಗಂಟಾಗಿ ತಲೆಯಲ್ಲಿ ಕೂರುತ್ತದೆ. ಕಪ್ಪು ನಾಯಿಯಿಂದ ಕಚ್ಚಿಸಿಕೊಂಡ ಎಷ್ಟೋ ನಾಯಿಗಳು ಆಮೇಲೆ ಯಾವ ಕಪ್ಪು ನಾಯಿ ಕಂಡರೂ ರೇಗುತ್ತವೆ, ಇದನ್ನು ನಾವು ಕ್ಲಿನಿಕ್ಕಿನಲ್ಲಿ ನೋಡುತ್ತಲೇ ಇರುತ್ತೇವೆ.

ಇನ್ನು ಕರಿಯ ಬ್ರೂನೋನ ಗುರುತು ಹಿಡಿಯುತ್ತದಾ ಅಂದರೆ, ಹಿಡಿಯುತ್ತದೆ ಅಂತಲೇ ಅಂದುಕೊಳ್ಳಿ. ಮುಖ ನೋಡಿ ಅಲ್ಲ, ಮೂಗಿನಿಂದ. ಪೀಟರ್ ಹೆಪ್ಪರ್ ಅನ್ನುವವರು 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಮರಿಯಾಗಿದ್ದಾಗಲೇ ತಾಯಿಯಿಂದ ಬೇರೆಯಾದ ನಾಯಿಗಳು, ಸುಮಾರು ಎರಡು ವರ್ಷ ಕಳೆದ ಮೇಲೂ, ಬರೀ ಬಟ್ಟೆಗೆ ಹತ್ತಿದ ವಾಸನೆಯಿಂದ ತಾಯಿಯನ್ನು ಗುರುತಿಸಿದವು. ತಾಯಿಯೂ ಅಷ್ಟೇ, ತನ್ನ ಮಕ್ಕಳನ್ನು ಗುರುತಿಸಿತು. ಆದರೆ ಒಡಹುಟ್ಟಿದ ಮರಿಗಳು ಬೇರೆ ಬೇರೆ ಮನೆಯಲ್ಲಿ ಬೆಳೆದಿದ್ದರೆ ಪರಸ್ಪರ ಗುರುತು ಸಿಕ್ಕಲಿಲ್ಲ. ಕರಿಯ ಬ್ರೂನೋ ಜೊತೆಗೇ ಬೆಳೆದವು, ಬೇರೆಯಾಗಿ ಕೆಲವು ತಿಂಗಳು ಅಷ್ಟೇ ಅಲ್ವಾ?

ಆದರೆ ಗುರುತು ಸಿಗುವುದು ಬೇರೆ, ಜಗಳವನ್ನು ಮನಸ್ಸಲ್ಲಿ ಇಟ್ಟುಕೊಂಡು ಸೇಡಿಗೆ ಕಾಯುವುದು ಬೇರೆ. ನಡೆದ ಘಟನೆ ನಾಯಿಗೆ ಎಷ್ಟು ಹೊತ್ತು ನೆನಪಿರುತ್ತದೆ ಅಂತ ಬುಡಾಪೆಸ್ಟಿನಲ್ಲಿ ಕ್ಲೌಡಿಯಾ ಫುಗಾಝಾ ಮತ್ತು ಜೊತೆಯವರು ಪರೀಕ್ಷೆ ಮಾಡಿ 2016ರಲ್ಲಿ ಬರೆದರು. ಒಡೆಯ ಮಾಡಿದ್ದನ್ನು ನಾಯಿ ನೋಡಿರುತ್ತದೆ, ಆಮೇಲೆ ಅದನ್ನು ಮಾಡು ಅಂತ ಹೇಳುತ್ತಾರೆ ಅನ್ನುವ ಅಂದಾಜೇ ಅದಕ್ಕೆ ಇರುವುದಿಲ್ಲ. ಒಂದು ಗಂಟೆ ಬಿಟ್ಟು ಹೇಳಿದರೂ ಕೆಲವು ಮಾಡಿ ತೋರಿಸಿದವು, ಆದರೆ ಹೊತ್ತು ಹೋದ ಹಾಗೆ ತಪ್ಪು ಜಾಸ್ತಿ ಆಯಿತು. ಅಂದರೆ ಏನು ನಡೆಯಿತು ಅನ್ನುವುದು ಬೇಗ ಮಾಸುತ್ತದೆ. ಈ ವಾಸನೆ ಬಂದರೆ ನೋವು ಬರುತ್ತದೆ ಅನ್ನುವ ಭಯ ಅಷ್ಟು ಬೇಗ ಮಾಸುವುದಿಲ್ಲ. ಹಾವಿಗೆ ದ್ವೇಷ ಅಂಟಿಸಿದ ಹಾಗೆ ನಾಯಿಗೂ ಅಂಟಿಸಬೇಡಿ, ಅದರ ತೊಂದರೆ ಭಯ.

ಒಂದೇ ಶೆಡ್ಡು ಖಂಡಿತ ಬೇಡ. ಓಡಿ ಹೋಗಲು ಜಾಗ ಇಲ್ಲದ ಕಡೆ ಕೂಡಿದರೆ ರಾಜಿ ಆಗುತ್ತಿದ್ದದ್ದೂ ಕೆಡುತ್ತದೆ.

ಸಕಲೇಶಪುರದ ಅಕ್ಕ:
ನೆನಪು ಗಿನಪು ಆಮೇಲೆ, ಮೊದಲು ಇದು ಹೇಳಿ ತಮ್ಮ, ಅವತ್ತು ಕಚ್ಚಾಡಿದ್ದು ಯಾತಕ್ಕೆ? ಊಟಕ್ಕಾ, ಬೆದೆಗೆ ಬಂದ ಹೆಣ್ಣಿಗಾ, ಇಲ್ಲಾ ಸುಮ್ನೆ ಯಾರೋ ಕಾಲು ತುಳಿದದ್ದಕ್ಕಾ? ನಮ್ಮ ತೋಟದಲ್ಲಿ ಗಂಡು ನಾಯಿಗಳು ಕಾರ್ತಿಕದಲ್ಲಿ ರಕ್ತ ಬರುವ ಹಾಗೆ ಕಚ್ಚಾಡಿ, ಆ ಕಾಲ ಮುಗಿದಮೇಲೆ ಒಂದೇ ಗೋಣಿಚೀಲದ ಮೇಲೆ ಮಲಗಿರುತ್ತವೆ. ಆದರೆ ನಮ್ಮ ಮನೆಯ ಎರಡು ಹೆಣ್ಣು ನಾಯಿಗಳು ಒಂದು ಸಲ ಹಿಡಿದುಕೊಂಡಮೇಲೆ ಕೊನೆವರೆಗೂ ಸೇರಲೇ ಇಲ್ಲ. ಒಂದು ಮುಂದಿನ ಜಗಲಿ, ಒಂದು ಹಿಂದಿನ ಕೊಟ್ಟಿಗೆ. ಊಟಕ್ಕೂ ಬೇರೆ ಬೇರೆ ಹೊತ್ತು.

ಮತ್ತೆ, ಅವತ್ತು ಬಿಡಿಸಲು ಹೋದವರಿಗೆ ಯಾರಿಗಾದರೂ ಹಲ್ಲು ತಾಗಿತಾ? ನಾಯಿಗೆ ಹೊಲಿಗೆ ಹಾಕಿಸುತ್ತಾರೆ, ತಮ್ಮ ಕೈಗೆ ಅರಿಶಿನ ಹಚ್ಚಿಕೊಂಡು ಸುಮ್ಮನಾಗುತ್ತಾರೆ ನಮ್ಮ ಜನ. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮನೆ ನಾಯಿ ಆದರೂ ಸರಿ.

ಆಲ್ದೂರು ಹುಡುಗ:
ಅಕ್ಕ, ಯಾರಿಗೂ ತಾಗಲಿಲ್ಲ, ತೋಟದ ಲೆಕ್ಕ ಬರೆಯುವ ರೈಟರು ಬಕೆಟ್‌ಗಟ್ಟಲೆ ನೀರು ಎರಚಿದ್ದು ಕೆಲಸಕ್ಕೆ ಬಂತು. ಕಾರಣ ಊಟ. ಲೈನ್ ಮನೆಯಲ್ಲಿರುವ ತೋಟದ ಕೆಲಸದವರು ಕೋಳಿ ಮೂಳೆ ಕಣದ ಮೂಲೆಗೆ ಎಸೆದಿದ್ದರು, ಅಲ್ಲಿಂದ ಶುರು.

ಆಮೇಲೆ ಇವತ್ತು ಒಂದು ತಮಾಷೆ ನಡೆಯಿತು. ಅಣ್ಣ ಸಾಮಾನೆಲ್ಲ ಮೊದಲೇ ಜೀಪಿನಲ್ಲಿ ಕಳಿಸಿದ್ದ, ಅದರಲ್ಲಿ ಬ್ರೂನೋ ಮಲಗುವ ಹಳೇ ಕಂಬಳಿಯೂ ಇತ್ತು. ಕೆಳಗಿಟ್ಟ ತಕ್ಷಣ ಕರಿಯ ಬಂದು ಮೂಗು ಹುದುಗಿಸಿ ಮೂಸಿತು ನೋಡಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ಮಡಿಕೆಯ ಒಳಗೂ ಬಿಡಲಿಲ್ಲ. ಬಾಲ ಮೇಲೆ, ಗಟ್ಟಿ. ಬೆನ್ನಿನ ಕೂದಲು ಸ್ವಲ್ಪ ಎದ್ದಿತ್ತು. ಗುರ್ ಅನ್ನಲಿಲ್ಲ. ಕೊನೆಗೆ ಕಾಲೆತ್ತಿ ಕಂಬಳಿ ಮೇಲೆ ಉಚ್ಚೆ ಹೊಯ್ದು, ಹಿಂಗಾಲಲ್ಲಿ ಮಣ್ಣು ಕೆದರಿ ಹೋಗಿ ನೆರಳಲ್ಲಿ ಮಲಗಿತು. ದೊಡ್ಡಮ್ಮ ಬೈದಿದ್ದು ನನಗೆ. ಇದರ ಅರ್ಥ ಏನು ಡಾಕ್ಟ್ರೇ?

ಹಾಸನದ ವೆಟ್:
ಗೊತ್ತಾಗಿದೆ ಅಂತ ಅರ್ಥ. ಅಥವಾ ಯಾವುದೋ ಗಂಡು ನಾಯಿ ಬಂದಿದೆ ಅಂತಾದರೂ ಗೊತ್ತಾಗಿದೆ. ಕೂದಲು ಏಳುವುದು ಸಿಟ್ಟಿಗೆ ಮಾತ್ರ ಅಲ್ಲ, ಭಯಕ್ಕೂ ಏಳುತ್ತದೆ, ಬರೀ ಉದ್ವೇಗಕ್ಕೂ ಏಳುತ್ತದೆ. ಉಚ್ಚೆ ಹೊಯ್ದದ್ದು "ನಾನೂ ಇಲ್ಲಿ ಇದ್ದೇನೆ" ಅಂತ ಬರೆದಿಟ್ಟ ಚೀಟಿ. ಮೂಸಿ ಹೋಗಿ ಮಲಗಿದೆ ಅನ್ನುವುದೇ ನನಗೆ ಸಮಾಧಾನ. ಆ ಕಂಬಳಿ ಒಗೆಯಬೇಡಿ, ಕರಿಯನಿಗೆ ಊಟ ಹಾಕುವ ಜಾಗದಿಂದ ಸ್ವಲ್ಪ ದೂರದಲ್ಲಿ ಹಾಸಿ. ಆ ವಾಸನೆ ಬಂದರೆ ಊಟವೂ ಬರುತ್ತದೆ ಅಂತ ಹೊಸ ಪಾಠ ಆಗಲಿ.

ಬ್ರೂನೋ ಬಂದ ದಿನ ಜೀಪು ಕಣಕ್ಕೆ ತರಬೇಡಿ. ಇಬ್ಬರದೂ ಅಲ್ಲದ ಜಾಗ ಬೇಕು, ಊರಾಚೆಯ ರಸ್ತೆ ಆದರೆ ಒಳ್ಳೆಯದು. ನೀವು ಕರಿಯನ ಹಿಡಿದುಕೊಳ್ಳಿ, ಅಣ್ಣ ಬ್ರೂನೋನ ಹಿಡಿಯಲಿ, ಮುಖಾಮುಖಿ ತರದೆ ಒಂದೇ ದಿಕ್ಕಿಗೆ ನಡೆಸಿ, ನಡುವೆ ರಸ್ತೆಯಷ್ಟಾದರೂ ಅಂತರ ಇರಲಿ. ಹಗ್ಗ ಸಡಿಲ ಇರಬೇಕು. ಹೆದರಿ ನಾವು ಬಿಗಿಯಾಗಿ ಎಳೆದು ಹಿಡಿದರೆ ಅದಕ್ಕೆ ಹಿಂದೆ ಸರಿಯುವ ದಾರಿ ಮುಚ್ಚಿಹೋಗುತ್ತದೆ, ಆಗ ಮುಂದಕ್ಕೇ ಹಾರುತ್ತದೆ. ಮುಖ ಆಚೆ ತಿರುಗಿಸುವುದು, ನೆಲ ಮೂಸುವುದು, ಮೈ ಒದರುವುದು ಕಂಡರೆ ಒಳ್ಳೆಯ ಸೂಚನೆ, ದಿನ ದಿನ ಅಂತರ ಕಡಿಮೆ ಮಾಡಿ. ಮೈ ಬಿಗಿ ಮಾಡಿ ಕಣ್ಣು ಕೀಳದೆ ನೋಡಿದರೆ ತಿರುಗಿ ಹೊರಟುಬಿಡಿ, ಗುರ್ ಅನ್ನುವವರೆಗೆ ಕಾಯಬೇಡಿ. ಕಣದಲ್ಲಿ ಮೂಳೆ ಎಸೆಯುವುದು ನಿಲ್ಲಲಿ. ಊಟ ಯಾವತ್ತಿಗೂ ಬೇರೆ ಬೇರೆ.

ಮೂಡಿಗೆರೆ ಗೌಡ್ರು:
ಇಷ್ಟೆಲ್ಲ ಸಂಬಂಧ ನೋಡೋ ಶಾಸ್ತ್ರದ ಹಾಗೆ ಮಾಡಬೇಕಾ ನಾಯಿಗೆ! ಎರಡನ್ನೂ ಬಿಟ್ಟುಬಿಡಿ, ಯಾರು ದೊಡ್ಡವರು ಅಂತ ಅವೇ ತೀರ್ಮಾನ ಮಾಡಿಕೊಳ್ಳುತ್ತವೆ.

ಸಕಲೇಶಪುರದ ಅಕ್ಕ:
ಗೌಡ್ರೇ, ಕಳೆದ ಸಲ ತೀರ್ಮಾನ ಮಾಡಿಕೊಂಡದ್ದರ ಬಿಲ್ಲು ದೊಡ್ಡಪ್ಪನವರು ಕಟ್ಟಿದ್ದಾರೆ. ಕೇಳಿ ನೋಡಿ.

ಆಲ್ದೂರು ಹುಡುಗ:
ಹಹ್ಹಾ, ನಿಜ ಅಕ್ಕ. ರಾತ್ರಿಗೆ ಬ್ರೂನೋನ ದೊಡ್ಡಪ್ಪನ ಮನೆಯ ಒಳಗೇ ಮಲಗಿಸುವುದು ಅಂತ ಮಾತಾಯಿತು, ದೊಡ್ಡಮ್ಮ ಗೊಣಗಿಕೊಂಡೇ ಒಪ್ಪಿದರು. ಡಾಕ್ಟ್ರೇ, ಮೊದಲ ದಿನ ಎರಡಕ್ಕೂ ಬಾಯಿಗೆ ಮಜಲ್ ಹಾಕಲಾ?

ಹಾಸನದ ವೆಟ್:
ಹಾಕಿ, ಆದರೆ ಬಾಯಿ ಪೂರ್ತಿ ಕಟ್ಟುವ ಬಟ್ಟೆಯದು ಬೇಡ, ಬುಟ್ಟಿ ತರಹದ್ದು ತನ್ನಿ. ಅದರಲ್ಲಿ ಏದುಸಿರು ಬಿಡಬಹುದು, ನೀರೂ ಕುಡಿಯಬಹುದು. ಅಂಗಡಿಗೆ ಹೋಗುವ ಮೊದಲು ಮೂತಿಯ ಉದ್ದ, ಸುತ್ತಳತೆ ದಾರದಲ್ಲಿ ಅಳೆದುಕೊಳ್ಳಿ, ಲ್ಯಾಬ್ ಮೂತಿ ಕರಿಯನ ಮೂತಿಗಿಂತ ದಪ್ಪ ಇರುತ್ತದೆ. ಇವತ್ತಿಂದಲೇ ಕರಿಯನಿಗೆ ಅದರೊಳಗೆ ತಿಂಡಿ ಇಟ್ಟು ಅಭ್ಯಾಸ ಮಾಡಿಸಿ. ಬ್ರೂನೋಗೆ ಹಾಸನದಲ್ಲೇ ಶುರು ಮಾಡಲಿ ಅಂತ ಅಣ್ಣನಿಗೂ ಹೇಳಿ.