ರಮ್ಮಿನೋಸ್ ಮೂಗಿನ ಕೆಂಪು ಮಾಯ, ದಯವಿಟ್ಟು ಯಾರಾದ್ರೂ ಹೇಳಿ

ವಾಕಡ್_ಟ್ಯಾಂಕ್:
ಪುಣೆಯಿಂದ ಬರೆಯುತ್ತಿದ್ದೇನೆ. ನನ್ನ ಅಕ್ವೇರಿಯಂನ ರಮ್ಮಿನೋಸ್ ಟೆಟ್ರಾ ಮೀನುಗಳ ಮೂಗು ಬಿಳಚಿಕೊಂಡಿದೆ. ತಂದಾಗ ಕುಂಕುಮ ಹಚ್ಚಿದ ಹಾಗೆ ಕೆಂಪಿತ್ತು. ಈಗ ತಿಳಿ ಗುಲಾಬಿ, ಕೆಲವಕ್ಕೆ ಅದೂ ಇಲ್ಲ. ಚೆನ್ನಾಗಿ ತಿನ್ನುತ್ತವೆ. ಬಿಳಿ ಚುಕ್ಕೆ ಇಲ್ಲ, ರೆಕ್ಕೆ ಹರಿದಿಲ್ಲ. ನೀರು ತಿಳಿಯಾಗಿದೆ. ಟ್ಯಾಂಕ್ ಹಳೆಯದು, ಏನೂ ಬದಲಾಯಿಸಿಲ್ಲ. ಅಂಗಡಿಯವರು ಬಣ್ಣ ಏರಿಸೋ ಕಲರ್ ಫುಡ್ ಜಾಸ್ತಿ ಹಾಕಿ ಅಂದರು. ದಿನಕ್ಕೆ ಮೂರು ಸಲ ಹಾಕುತ್ತಿದ್ದೇನೆ, ಏನೂ ಆಗಿಲ್ಲ. ತುಂಬಾ ಬೇಜಾರಾಗಿದೆ.

ಡೊಂಬಿವಲಿ_ಮೀನು:
ಅದು ಫಾಲ್ಸ್ ರಮ್ಮಿ ಇರಬೇಕು. ವೈಜ್ಞಾನಿಕ ಹೆಸರು ಪೆಟಿಟೆಲ್ಲಾ ಜಾರ್ಜಿಯೇ. ಅಂಗಡಿಗಳಲ್ಲಿ ಜಾರ್ಜಿಯೇ, ಬ್ಲೆಹೆರಿ, ರೋಡೋಸ್ಟೋಮಸ್ ಮೂರು ಜಾತಿಯನ್ನೂ ರಮ್ಮಿನೋಸ್ ಅಂತ ಒಂದೇ ಹೆಸರಲ್ಲಿ ಮಾರುತ್ತಾರೆ. ಒಳ್ಳೇ ಕೆಂಪು ಬ್ಲೆಹೆರಿಗೆ ಮಾತ್ರ, ಅದರ ಕೆಂಪು ಕಿವಿರು ದಾಟಿ ಮೈಮೇಲೂ ಬರುತ್ತದೆ. ಬಾಲದ ಬುಡದ ಫೋಟೋ ಹಾಕಿ.

ವಾಕಡ್_ಟ್ಯಾಂಕ್:
ಹಾಕಿದ್ದೇನೆ. ಆದರೆ ಮೊದಲು ಕೆಂಪಿತ್ತಲ್ವಾ? ಜಾತಿ ಹೇಗೆ ಬದಲಾಗುತ್ತದೆ?

ಡೊಂಬಿವಲಿ_ಮೀನು:
ಫೋಟೋ ಮಸುಕಾಗಿದೆ. ಬುಡದ ಮೇಲೆ ಕೆಳಗೆ ಕಪ್ಪು ಮಚ್ಚೆ ಇದ್ದರೆ ಜಾರ್ಜಿಯೇ. ನಡುವಿನ ಕಪ್ಪು ಗೆರೆ ಬಾಲದಿಂದ ಮೈವರೆಗೆ ಉದ್ದಕ್ಕೆ ಬಂದಿದ್ದರೆ ರೋಡೋಸ್ಟೋಮಸ್. ಹೆಮಿಗ್ರಾಮಸ್ ಬ್ಲೆಹೆರಿಯಲ್ಲಿ ಆ ಗೆರೆ ಗಿಡ್ಡ. ಇನ್ನೊಂದು ಫೋಟೋ ತೆಗೆಯಿರಿ.

ಪಾಚಿ_ಪ್ರಿಯ:
ಹೆಮಿಗ್ರಾಮಸ್ ಅನ್ನೋ ಕುಲದ ಹೆಸರು ಹಳೇ ಲೆಕ್ಕ. 2020ರಲ್ಲಿ ಡಿಎನ್‌ಎ ನೋಡಿ ಬ್ಲೆಹೆರಿ, ರೋಡೋಸ್ಟೋಮಸ್ ಎರಡನ್ನೂ ಪೆಟಿಟೆಲ್ಲಾ ಕುಲಕ್ಕೆ ಸೇರಿಸಿದರು. ಈಗ ಪೆಟಿಟೆಲ್ಲಾ ಬ್ಲೆಹೆರಿ, ಪೆಟಿಟೆಲ್ಲಾ ರೋಡೋಸ್ಟೋಮಾ.

ಡೊಂಬಿವಲಿ_ಮೀನು:
1986ರಲ್ಲಿ ವಿಜ್ಞಾನಿಗಳಾದ ಝೆರಿ ಮತ್ತು ಮಾನರ್ಟ್ ಇಟ್ಟ ಹೆಸರು ಹೆಮಿಗ್ರಾಮಸ್ ಬ್ಲೆಹೆರಿ. ಎಲ್ಲ ಪುಸ್ತಕದಲ್ಲೂ ಅದೇ ಇದೆ. ವರ್ಷಕ್ಕೊಂದು ಹೆಸರು ಇಟ್ಟರೆ ಹೊಸಬರು ಏನು ಮಾಡಬೇಕು?

ಪಾಚಿ_ಪ್ರಿಯ:
ಸುಮ್ನೆ ಇಟ್ಟಿದ್ದಲ್ಲ. 1964ರಿಂದ ಪೆಟಿಟೆಲ್ಲಾದಲ್ಲಿ ಜಾರ್ಜಿಯೇ ಒಂದೇ ಇತ್ತು. ನೋಡೋಕೆ ಮೂರೂ ಒಂದೇ ಥರ, ಆದರೂ ಬೇರೆ ಬೇರೆ ಕುಲದಲ್ಲಿ ಇಟ್ಟಿದ್ದರು. ಮೂರೂ ಹತ್ತಿರದ ಸಂಬಂಧಿಗಳು ಅಂತ ಈಗ ಗೊತ್ತಾಗಿದೆ. 2024ರಲ್ಲಿ ಕುಟುಂಬವೂ ಬದಲಾಯಿತು. ಕ್ಯಾರಾಸಿಡೇ ಒಡೆದು, ಇವು ನಿಯಾನ್ ಟೆಟ್ರಾ ಜೊತೆ ಅಸೆಸ್ಟ್ರೋರಾಂಫಿಡೇಗೆ ಹೋದವು. ಇದನ್ನು ತಿಳಿದುಕೊಳ್ಳೋದರಲ್ಲೂ ಖುಷಿ ಇದೆ.

ಕೊಥ್ರೂಡ್_ಅಕ್ವಾ:
ನನ್ನ ನಾಲ್ಕಡಿ ಟ್ಯಾಂಕ್‌ನಲ್ಲಿ ಬ್ಲೆಹೆರಿ ಗುಂಪಿದೆ. ಗಿಡಗಳಿಗೆ ಸಿಒ2 ಇದೆ, ಎರಡು ಕ್ಯಾನಿಸ್ಟರ್ ಫಿಲ್ಟರ್ ಇದೆ. ಲೈಟ್ ಹೊಸದು. ಇಡೀ ಗುಂಪು ಒಟ್ಟಿಗೆ ತಿರುಗೋದನ್ನು ನೋಡಬೇಕು ನೀವು. ವಿಡಿಯೋ ಹಾಕುತ್ತೇನೆ.

ಪನ್ವೇಲ್_ನದಿ:
ಹೆಸರಿನ ಜಗಳ ಆಮೇಲೆ ಮಾಡೋಣ. ವಾಕಡ್ ಅವರೇ, ರಮ್ಮಿಯ ಕೆಂಪು ಇಳಿದರೆ ನಾನು ಮೊದಲು ನೀರನ್ನೇ ಅನುಮಾನಿಸುತ್ತೇನೆ. ಈ ಮೀನು ಬೇರೆಯವುಗಳಿಗಿಂತ ಮುಂಚೆ ಹೇಳುತ್ತದೆ. ಯಾವ ನೀರು? ಪಿಎಚ್ (7ಕ್ಕಿಂತ ಕಡಿಮೆ ಇದ್ದರೆ ಹುಳಿ), ಅಮೋನಿಯಾ, ನೈಟ್ರೈಟ್, ಟಿಡಿಎಸ್ (ಕರಗಿದ ಲವಣ) ಎಷ್ಟು?

ವಾಕಡ್_ಟ್ಯಾಂಕ್:
ನಲ್ಲಿ ನೀರೇ. ಅಂದರೆ ಬೇಸಿಗೆ ಅಲ್ವಾ, ಎಲ್ಲರ ಹಾಗೆ ನಮ್ಮ ಸೊಸೈಟಿಗೂ ಟ್ಯಾಂಕರ್ ಬರುತ್ತದೆ, ಅದೇ ನಲ್ಲಿಯಲ್ಲಿ ಬರೋದು. ಟೆಸ್ಟ್ ಮಾಡಿದೆ. ಪಿಎಚ್ 8.2, ನೈಟ್ರೈಟ್ ಸೊನ್ನೆ, ಅಮೋನಿಯಾ 0.5. ಟಿಡಿಎಸ್ 640.

ಪನ್ವೇಲ್_ನದಿ:
ಇಲ್ಲೇ ಇದೆ ವಿಷಯ. ಟ್ಯಾಂಕರ್ ನೀರು ಹೆಚ್ಚಾಗಿ ಬೋರ್‌ವೆಲ್‌ದು, ಮಾಮೂಲಾಗಿ ನಿಮ್ಮ ನಲ್ಲಿಗೆ ಬರೋ ಪವನಾ ಅಣೆಕಟ್ಟಿನ ಮೆದು ನೀರಲ್ಲ. ಅಮೆಜಾನಿನ ಈ ಮೀನಿಗೆ ಬೇಕಾದ್ದು ಮೆದುವಾದ, ಸ್ವಲ್ಪ ಹುಳಿ ನೀರು. ಅದರ ಮೇಲೆ ಅಮೋನಿಯಾ. 26 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅದರಲ್ಲಿ ವಿಷದ ಭಾಗ ಶೇ. 1ಕ್ಕಿಂತ ಕಡಿಮೆ. 8.2ರಲ್ಲಿ ಸುಮಾರು ಶೇ. 8–9. ಕಲರ್ ಫುಡ್ ಮೂರು ಹೊತ್ತು ಹಾಕಿದರೆ ಅಮೋನಿಯಾ ಏರುತ್ತದೆ. ಅಂಗಡಿಯವರ ಆ ಸಲಹೆ ಬಿಡಿ.

ಇವತ್ತೇ ಊಟ ಕಡಿಮೆ ಮಾಡಿ. ಮನೆಯ ಆರ್‌ಒ ಫಿಲ್ಟರ್‌ನ (ಲವಣ ತೆಗೆದ) ನೀರು ಮತ್ತು ನಲ್ಲಿ ನೀರು ಅರ್ಧರ್ಧ ಬೆರೆಸಿ, ಶೇ. 10–15 ಮಾತ್ರ ಬದಲಾಯಿಸುತ್ತಾ ಹೋಗಿ. ನಲ್ಲಿ ನೀರಿಗೆ ಆಂಟಿ ಕ್ಲೋರಿನ್ ಹಾಕೋದು ಮರೆಯಬೇಡಿ. ಒಮ್ಮೆಲೇ ಟಿಡಿಎಸ್ ಇಳಿಸಿದರೆ ಮೀನಿಗೆ ಇನ್ನೂ ಕಷ್ಟ.

ಪಾಚಿ_ಪ್ರಿಯ:
ಕಾಡುಬಾದಾಮಿಯ ಒಣ ಎಲೆ ಹಾಕಿ, ಪಿಎಚ್ ಇಳಿಯುತ್ತದೆ.

ಪನ್ವೇಲ್_ನದಿ:
ಎಲೆ ಒಳ್ಳೇದೇ, ಹಾಕಲಿ. ಆದರೆ ಗಡಸು ನೀರಲ್ಲಿ ಕಾರ್ಬೋನೇಟ್ ಇಷ್ಟಿರುವಾಗ ಎಲೆಯಿಂದ ಪಿಎಚ್ ಅಲ್ಲಾಡೋದಿಲ್ಲ. ಮೊದಲು ಆರ್‌ಒ.

ಡೊಂಬಿವಲಿ_ಮೀನು:
ನೀರು ಸರಿ ಮಾಡಿದರೂ ಜಾರ್ಜಿಯೇ ಬ್ಲೆಹೆರಿಯಷ್ಟು ಕೆಂಪಾಗೋದಿಲ್ಲ. ಆ ಫೋಟೋ ಬೇಕೇ ಬೇಕು.

ವಾಕಡ್_ಟ್ಯಾಂಕ್:
ಅಪ್‌ಡೇಟ್: ಅಮೋನಿಯಾ ಸೊನ್ನೆಗೆ ಬಂದಿದೆ. ಟಿಡಿಎಸ್ 430, ಪಿಎಚ್ 7.8. ಕೆಲವದರ ಮೂಗಲ್ಲಿ ಬಣ್ಣ ಕಾಣುತ್ತಿದೆ. ಆದರೆ ಬೆಳಿಗ್ಗೆ ಲೈಟ್ ಹಾಕಿದಾಗ ಎಲ್ಲವೂ ಮತ್ತೆ ಬಿಳಚು! ಹೊಸ ಫೋಟೋದಲ್ಲಿ ಬುಡದಲ್ಲಿ ಮಚ್ಚೆ ಇಲ್ಲ, ಗೆರೆ ಗಿಡ್ಡ.

ಪನ್ವೇಲ್_ನದಿ:
ಹಾಗಾದರೆ ಬ್ಲೆಹೆರಿ. ಲೈಟ್ ಹಾಕಿದ ತಕ್ಷಣ ನೋಡಬೇಡಿ. ಕತ್ತಲಿಂದ ಎದ್ದಾಗ ಆರೋಗ್ಯವಂತ ರಮ್ಮಿಯೂ ಬಿಳಚಾಗಿಯೇ ಇರುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿ. ಟ್ಯಾಂಕರ್ ನಿಲ್ಲುವವರೆಗೆ ಆರ್‌ಒ ಬೆರೆಸೋದು ನಿಲ್ಲಿಸಬೇಡಿ.