ಎಣಿಕೆಯಲ್ಲಿ 8 ವಾರ 3 ದಿನ, ಸ್ಕ್ಯಾನ್‌ನಲ್ಲಿ 7 ವಾರ 1 ದಿನ: ಯಾವುದನ್ನು ನಂಬುವುದು?

ಪ್ರಶ್ನೆ
ನಿನ್ನೆ ಗರ್ಭಿಣಿ ಹೆಂಡತಿಗೆ ಮೊದಲ ಸ್ಕ್ಯಾನ್ ಆಯಿತು. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ 8 ವಾರ 3 ದಿನ. ವರದಿಯಲ್ಲಿ ಸಿಆರ್‌ಎಲ್ (ಭ್ರೂಣದ ಉದ್ದ) 10 ಮಿ.ಮೀ., ಅಂದರೆ 7 ವಾರ 1 ದಿನ. ಗರ್ಭಚೀಲದ ಸರಾಸರಿ ವ್ಯಾಸ 24 ಮಿ.ಮೀ., ಅದರ ಪ್ರಕಾರ 7 ವಾರ 5 ದಿನ. ಕೊನೆಯಲ್ಲಿ ಎರಡನ್ನೂ ಕೂಡಿ ಭಾಗಿಸಿ 7 ವಾರ 3 ದಿನ. ಹೃದಯ ಬಡಿತ ಕಂಡಿದೆಯಂತೆ. ಮಗುವಿನ ಬೆಳವಣಿಗೆ ಕುಂಠಿತವಾಗಿದೆಯೇ? ರಾತ್ರಿಯೆಲ್ಲ ನಿದ್ದೆ ಇಲ್ಲ.

ಉತ್ತರ
ಆ ಸರಾಸರಿಯನ್ನು ಮೊದಲು ಹೊಡೆದು ಹಾಕಿ. ಯಂತ್ರಕ್ಕೆ ಸಿಕ್ಕಿದ್ದನ್ನೆಲ್ಲ ಕೂಡಿಸುವ ಚಟ. ಚೀಲದ ವ್ಯಾಸಕ್ಕೆ 30 ಸೇರಿಸಿ ದಿನ ಹೇಳುವುದು ಭ್ರೂಣ ಇನ್ನೂ ಕಾಣದಿರುವಾಗಿನ ಅಂದಾಜು. ಭ್ರೂಣ ಕಂಡ ಮೇಲೆ ತಲೆಯಿಂದ ಪೃಷ್ಠದವರೆಗಿನ ಉದ್ದ, ಅಂದರೆ ಸಿಆರ್‌ಎಲ್ ಒಂದೇ ಸಾಕು. ರಾಬಿನ್ಸನ್ ಮತ್ತು ಫ್ಲೆಮಿಂಗ್ 1975ರಲ್ಲಿ ಕೊಟ್ಟ ಸೂತ್ರಕ್ಕೆ 10 ಮಿ.ಮೀ. ಹಾಕಿದರೂ ಸುಮಾರು 50 ದಿನವೇ ಬರುತ್ತದೆ. ಚಿತ್ರ ಕೈಯಲ್ಲಿದ್ದರೆ ಅಳತೆಯ ಎರಡು ಗುರುತುಗಳನ್ನು ನೋಡಿ: ಪಕ್ಕದಲ್ಲಿ ಉಂಗುರದಂತೆ ಕಾಣುವ ಯೋಕ್ ಸ್ಯಾಕ್ (ಭ್ರೂಣಕ್ಕೆ ಆರಂಭದಲ್ಲಿ ಪೋಷಣೆ ಕೊಡುವ ಚೀಲ) ಅವುಗಳ ನಡುವೆ ಸೇರಿರಬಾರದು.

ಅವರ ಮುಟ್ಟಿನ ಚಕ್ರ ಎಷ್ಟು ದಿನದ್ದು?

ಪ್ರಶ್ನೆ ಕೇಳಿದವರು
36–37 ದಿನ. ಗುರುತುಗಳು ಭ್ರೂಣದ ಎರಡು ತುದಿಗಳಲ್ಲೇ ಇವೆ, ಉಂಗುರ ಹೊರಗಿದೆ.

ಉತ್ತರ
ಹಾಗಾದರೆ ಗಂಟು ಅಲ್ಲಿದೆ. ಮುಟ್ಟಿನ ಎಣಿಕೆ ಎಲ್ಲರಿಗೂ 28 ದಿನದ ಚಕ್ರ, 14ನೇ ದಿನ ಅಂಡ ಬಿಡುಗಡೆ ಎಂದು ಹಿಡಿದುಕೊಳ್ಳುತ್ತದೆ. ಇವರಲ್ಲಿ ಅದು 8–9 ದಿನ ತಡವಾಗಿ ಆಗಿರುವ ಸಾಧ್ಯತೆಯೇ ಹೆಚ್ಚು. ಮುಟ್ಟಿನ ಎಣಿಕೆಯ 59 ದಿನದಲ್ಲಿ ಸ್ಕ್ಯಾನ್‌ನ 50 ಕಳೆದರೆ ಉಳಿಯುವುದೂ 9. ಮಗು ಹಿಂದೆ ಬಿದ್ದಿಲ್ಲ, ನೀವು ಎಣಿಸಲು ಮುಂಚಿತವಾಗಿ ಶುರುಮಾಡಿದ್ದೀರಿ.

ಅಮೆರಿಕದ ಪ್ರಸೂತಿ ತಜ್ಞರ ಸಂಘ ಎಸಿಒಜಿಯ ನಿಯಮದಂತೆ 8 ವಾರ 6 ದಿನದೊಳಗೆ 5 ದಿನಕ್ಕಿಂತ ಹೆಚ್ಚು, ಅಲ್ಲಿಂದ 13 ವಾರ 6 ದಿನದವರೆಗೆ 7 ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಕ್ಯಾನ್ ದಿನಾಂಕವನ್ನು ಹಿಡಿಯಬೇಕು. ನಿಮ್ಮದು 9, ಹೆರಿಗೆಯ ದಿನಾಂಕ ಅಷ್ಟೇ ಮುಂದೆ ಹೋಗುತ್ತದೆ. ಚಕ್ರದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ನೋವು, ರಕ್ತಸ್ರಾವ ಕಂಡರೆ ಮಾತ್ರ ಇಲ್ಲಿ ಕೇಳುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಇನ್ನೊಬ್ಬರು
ಐವಿಎಫ್ (ಪ್ರಯೋಗಾಲಯದಲ್ಲಿ ಫಲಿತಗೊಳಿಸಿದ ಗರ್ಭ) ಆಗಿದ್ದರೆ ಈ ತಕರಾರೇ ಇಲ್ಲ. ನಮಗೆ ಐದನೇ ದಿನದ ಭ್ರೂಣ ಇಟ್ಟಿದ್ದರು. ಆ ದಿನವನ್ನೇ 2 ವಾರ 5 ದಿನ ಎಂದು ಹಿಡಿದರು, ಸ್ಕ್ಯಾನ್ ಏನೇ ಹೇಳಿದರೂ ಬದಲಿಸಲಿಲ್ಲ.

ಪ್ರಶ್ನೆ ಕೇಳಿದವರು
14 ದಿನ ಬಿಟ್ಟು ಮತ್ತೆ ಸ್ಕ್ಯಾನ್ ಆಯಿತು. ಸಿಆರ್‌ಎಲ್ 25 ಮಿ.ಮೀ., 9 ವಾರ 2 ದಿನ. ವೈದ್ಯರೂ ಮೊದಲ ಸ್ಕ್ಯಾನ್ ದಿನಾಂಕವನ್ನೇ ಬರೆದಿದ್ದರು. ಈಗ ಒಂದು ದಿನ ಮುಂದಿದೆಯಲ್ಲ, ಮತ್ತೆ ಬದಲಿಸಬೇಕೇ?

ಉತ್ತರ
ಬೇಡ. ದಿನಕ್ಕೆ ಸುಮಾರು ಒಂದು ಮಿ.ಮೀ. ಬೆಳೆಯುವ ಜೀವದ ಅಳತೆಯಲ್ಲಿ ಒಂದು ದಿನದ ವ್ಯತ್ಯಾಸ ಕೈ ಅಲುಗಿದರೂ ಬರುತ್ತದೆ. ಮೊದಲ ಸ್ಕ್ಯಾನ್ ದಿನಾಂಕವನ್ನು ಪೆನ್ನಿನಲ್ಲಿ ಬರೆದಿಡಿ, ಪೆನ್ಸಿಲ್ ಬೇಡ.