ರೀಫ್ ಟ್ಯಾಂಕಿಗೆ ಓಝೋನ್ ಹಾಕಬಹುದಾ? ಹಾಸನ, ಚಿಕ್ಕಮಗಳೂರು ಕಡೆಯವರು ನಿಮ್ಮ ಅನುಭವ ಹೇಳಿ

ಕೇಳಿದವರು, ಹಾಸನ:

ಎಲ್ಲರಿಗೂ ನಮಸ್ಕಾರ. ನಮ್ಮ ಹಾಲ್‌ನಲ್ಲಿ 300 ಲೀಟರಿನ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್ ಇದೆ. ಕೆಳಗೆ ಸಂಪ್ (ಫಿಲ್ಟರ್ ಸಾಮಾನು ಇಡುವ ಎರಡನೇ ತೊಟ್ಟಿ), ಅದರಲ್ಲಿ ಗಾಳಿಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್. ಒಂದು ಜೋಡಿ ಕ್ಲೌನ್ ಮೀನು, ಮಶ್ರೂಮ್ ಮತ್ತು ಲೆದರ್ ಅನ್ನುವ ಮೆತ್ತನೆಯ ಕೋರಲ್‌ಗಳಿವೆ (ಹವಳ). ಇತ್ತೀಚೆಗೆ ನೀರು ತಿಳಿಹಳದಿ ಆಗುತ್ತಿದೆ. ಪರಿಚಯದವರೊಬ್ಬರು ಊರು ಬಿಡುವಾಗ ಗಂಟೆಗೆ 100 ಮಿಲಿಗ್ರಾಂ ಕೊಡುವ ಓಝೋನ್ ಮಿಷನ್ನೂ ಓಆರ್‌ಪಿ ಕಂಟ್ರೋಲರನ್ನೂ (ನೀರಿನ ಆಕ್ಸಿಡೀಕರಣ ಶಕ್ತಿಯನ್ನು ಮಿಲಿವೋಲ್ಟಿನಲ್ಲಿ ಅಳೆದು ಓಝೋನ್ ಆನ್-ಆಫ್ ಮಾಡುವ ಸಾಧನ) ಕೊಟ್ಟು ಹೋಗಿದ್ದಾರೆ. ಹಾಕೋಣ ಅಂದರೆ ಅಮ್ಮನಿಗೆ ಉಬ್ಬಸ ಇದೆ. ಮಳೆ ಬೇರೆ ಹಿಡಿದಿದೆ, ಕಿಟಕಿ ಎಲ್ಲ ಮುಚ್ಚೇ ಇರುತ್ತವೆ. ಎಷ್ಟು ಹಾಕಬೇಕು, ಏನೇನು ಜೋಪಾನ ಮಾಡಬೇಕು?

ಚಿಕ್ಕಮಗಳೂರಿನಿಂದ:

ಸರ್, ನಾನು ಕೆಲವು ವರ್ಷಗಳಿಂದ ಓಝೋನ್ ನಡೆಸುತ್ತಿದ್ದೇನೆ. ನೀರು ಎಷ್ಟು ತಿಳಿಯಾಗುತ್ತದೆ ಅಂದರೆ ಮೀನು ಗಾಳಿಯಲ್ಲೇ ತೇಲುತ್ತಿದೆಯೇನೋ ಅನ್ನಿಸುತ್ತದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕಡೆ ಓಝೋನಿಗೆ ದೊಡ್ಡ ಶತ್ರು ತೇವ.

ಮಿಷನ್ ಒಳಗೆ ಗಾಳಿಯಲ್ಲಿ ವಿದ್ಯುತ್ ಹಾಯಿಸಿ ಓಝೋನ್ ಮಾಡುತ್ತಾರೆ. ಗಾಳಿ ಒದ್ದೆಯಾಗಿದ್ದರೆ ಎರಡು ತೊಂದರೆ. ಓಝೋನ್ ಕಡಿಮೆ ಬರುತ್ತದೆ. ಜೊತೆಗೆ ಗಾಳಿಯಲ್ಲಿರುವ ನೈಟ್ರೋಜನ್ ಸೇರಿಕೊಂಡು ಒಳಗೇ ನೈಟ್ರಿಕ್ ಆಮ್ಲ ಆಗಿ ಮಿಷನ್ ತಿಂದುಹಾಕುತ್ತದೆ. ಹಾಗಾಗಿ ತೇವ ಹೀರುವ ಸಿಲಿಕಾ ಜೆಲ್ ಮಣಿ ತುಂಬಿದ ಡ್ರೈಯರ್ ಇಲ್ಲದೆ ಸ್ವಿಚ್ ಹಾಕಲೇಬೇಡಿ. ಬಣ್ಣ ಬದಲಾಗುವ ಕಿತ್ತಳೆ ಮಣಿಗಳನ್ನು ತಗೊಳ್ಳಿ. ನೀಲಿ ಮಣಿಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ಮನೆಗೆ ಒಳ್ಳೆಯದಲ್ಲ. ಡ್ರೈಯರಿಗೆ ಗಾಳಿ ಒಳಬರುವ ತುದಿಯಿಂದ ಮಣಿಗಳು ಹಸಿರಾಗುತ್ತಾ ಬರುತ್ತವೆ. ಬೇಸಿಗೆಯಲ್ಲಿ ಆ ಹಸಿರು ಗೆರೆ ನಿಧಾನಕ್ಕೆ ಏರುತ್ತದೆ. ಜುಲೈನಲ್ಲಿ ಬೆಳಗ್ಗೆ ನೋಡಿದ್ದಕ್ಕೂ ಸಂಜೆ ನೋಡಿದ್ದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮುಕ್ಕಾಲು ಭಾಗ ಹಸಿರಾಯಿತು ಅಂದರೆ ಮಿಷನ್ ನಿಲ್ಲಿಸಿ ಮಣಿ ಬದಲಿಸಿ. ತೆಗೆದ ಮಣಿಗಳನ್ನು ಸುಮಾರು 120 ಡಿಗ್ರಿಯಲ್ಲಿ ಓವನ್ನಿನಲ್ಲಿ ಒಣಗಿಸಿದರೆ ಮತ್ತೆ ಕಿತ್ತಳೆ ಆಗುತ್ತವೆ. ಎರಡು ಸೆಟ್ ಇಟ್ಟುಕೊಂಡರೆ ಅನುಕೂಲ.

ಪ್ರಮಾಣ ಕೇಳಿದಿರಿ. 100 ಲೀಟರಿಗೆ ಗಂಟೆಗೆ 5ರಿಂದ 10 ಮಿಲಿಗ್ರಾಂ ಸಾಕು. ನಿಮ್ಮ ಟ್ಯಾಂಕಿಗೆ 15ರಿಂದ 30. ಅಂದರೆ ನಿಮ್ಮ ಮಿಷನ್ ಬೇಕಾದ್ದಕ್ಕಿಂತ ದೊಡ್ಡದು. ಮೊದಲ ವಾರ 15 ದಾಟಬೇಡಿ. ಓಝೋನ್ ಗಾಳಿ ಸ್ಕಿಮ್ಮರಿಗೇ ಹೋಗಬೇಕು, ಟ್ಯಾಂಕಿಗೆ ನೇರ ಬಿಡಬಾರದು. ಸ್ಕಿಮ್ಮರಿನಿಂದ ಹೊರಬರುವ ನೀರು ಆಕ್ಟಿವೇಟೆಡ್ ಕಾರ್ಬನ್ (ಫಿಲ್ಟರಿಗೆ ಬಳಸುವ ಇದ್ದಿಲು) ಮೇಲೆ ಹರಿದು ಆಮೇಲೆ ಟ್ಯಾಂಕ್ ಸೇರಲಿ. ಮೇಲೆ ಸ್ಕಿಮ್ಮರಿನ ನೊರೆ ತುಂಬುವ ಕಪ್ಪಿನಿಂದ ಹೊರಬರುವ ಗಾಳಿಗೂ ಬೇರೆ ಕಾರ್ಬನ್ ಡಬ್ಬಿ ಬೇಕು. ಎಷ್ಟೋ ಜನ ನೀರಿನ ಕಾರ್ಬನ್ ಇಡುತ್ತಾರೆ, ಗಾಳಿಯದ್ದನ್ನು ಬಿಡುತ್ತಾರೆ. ಮನೆಯವರ ಶ್ವಾಸಕೋಶಕ್ಕೆ ಬೇಕಾಗಿರುವುದು ಎರಡನೆಯದು.

ಸಕಲೇಶಪುರದಿಂದ:

ಪೈಪ್ ಬಗ್ಗೆ ಒಂದು ಮಾತು. ಮಾಮೂಲಿ ರಬ್ಬರ್ ಪೈಪ್ ಓಝೋನಿಗೆ ತಡೆಯುವುದಿಲ್ಲ. ಬಗ್ಗಿಸಿದ ಜಾಗದಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟು ಒಂದು ದಿನ ಮುರಿಯುತ್ತದೆ. ಸಿಲಿಕೋನ್ ಅಥವಾ ಟೆಫ್ಲಾನ್ ಹಾಕಿ. ಸಿಲಿಕೋನನ್ನೂ ಆಗಾಗ ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಬದಲಿಸಿ.

ಇನ್ನು ಕರೆಂಟ್. ಗಾಳಿ ಮಳೆಗೆ ನಮ್ಮಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ಹೋದಾಗ ಸಂಪ್ ನೀರು ಪೈಪ್ ಹಿಡಿದು ಮಿಷನ್ ಕಡೆ ಬರಬಹುದು. ಮಿಷನ್ನನ್ನು ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಗೆ ಹಾಕಿ, ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಕೂಡ ಇರಲಿ. ಮಿಷನ್ನನ್ನು ಇನ್ವರ್ಟರ್ ಲೈನಿಗೆ ಕೊಡಬೇಡಿ. ಇನ್ವರ್ಟರಿನಲ್ಲಿ ಸಂಪ್ ನೀರನ್ನು ಟ್ಯಾಂಕಿಗೆ ಏರಿಸುವ ರಿಟರ್ನ್ ಪಂಪ್, ಟ್ಯಾಂಕಿನಲ್ಲಿ ನೀರು ಕಲಕುವ ವೇವ್ ಮೇಕರ್ ಮಾತ್ರ ಇರಲಿ. ಸ್ಕಿಮ್ಮರ್ ನಿಂತರೆ ಓಝೋನ್ ತಾನಾಗಿಯೇ ನಿಲ್ಲಬೇಕು. ಅದಕ್ಕೆ ಸ್ಕಿಮ್ಮರ್, ಓಝೋನ್ ಎರಡನ್ನೂ ಒಂದೇ ಲೈನಿಗೆ ಕೊಡಿ.

ಹಾಸನದಿಂದ, ರಸಾಯನಶಾಸ್ತ್ರದ ಮೇಡಂ:

ಅಮ್ಮನ ಉಬ್ಬಸದ ವಿಷಯ ಓದಿ ಬರೆಯುತ್ತಿದ್ದೇನೆ. ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದ 2009ರ ಗಾಳಿ ಗುಣಮಟ್ಟದ ಮಾನದಂಡದಲ್ಲಿ ಓಝೋನಿನ ಎಂಟು ಗಂಟೆಯ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲ್ ಅಂದರೆ ಸುಮಾರು 40 ಘನ ಮೀಟರ್. ಆ ಲೆಕ್ಕಕ್ಕೆ ಇಡೀ ಹಾಲ್‌ನಲ್ಲಿ ಇರಬಹುದಾದ ಓಝೋನ್ ಬರೀ 4 ಮಿಲಿಗ್ರಾಂ. ನಿಮ್ಮ ಮಿಷನ್ ಪೂರ್ತಿ ಓಡಿದರೆ ಅಷ್ಟನ್ನು ಎರಡೂವರೆ ನಿಮಿಷದಲ್ಲಿ ಮಾಡುತ್ತದೆ. ಗೋಡೆ, ಬಟ್ಟೆಗೆ ತಾಗಿ ಓಝೋನ್ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ, ನಿಜ. ಆದರೂ ಮುಚ್ಚಿದ ಹಾಲ್‌ನಲ್ಲಿ ಒಂದು ಪೈಪ್ ಕಳಚಿದರೆ ಏನಾಗುತ್ತದೆ ಅಂತ ಇದರಿಂದಲೇ ಗೊತ್ತಾಗುತ್ತದೆ ಅಲ್ವಾ?

ವಾಸನೆ ಬಂದರೆ ಗೊತ್ತಾಗುತ್ತದೆ ಅಂತ ನಂಬಿ ಕೂರಬೇಡಿ. ಜೆರಾಕ್ಸ್ ಅಂಗಡಿಯಲ್ಲಿ ಮಿಷನ್ ಹತ್ತಿರ ಒಂದು ಚುರುಕು ವಾಸನೆ ಬರುತ್ತದಲ್ಲ, ಅದೇ ಇದು. ಮೊದಲು ಮೂಗಿಗೆ ಬೇಗ ಸಿಗುತ್ತದೆ. ಅಲ್ಲೇ ಕೂತಿದ್ದರೆ ಮೂಗು ಒಗ್ಗಿಹೋಗುತ್ತದೆ. ಹೊರಗಿನಿಂದ ಬಂದವರು ವಾಸನೆ ಅಂದರೆ ತಕ್ಷಣ ಆಫ್ ಮಾಡಿ, ಕಿಟಕಿ ತೆಗೆಯಿರಿ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಉಬ್ಬಸ ಇರುವವರು ಕೂರುವ, ಮಲಗುವ ಜಾಗದಲ್ಲಿ ಮಳೆಗಾಲದಲ್ಲಿ ಇದು ಬೇಡ.

ನೀರಿನೊಳಗೆ ಏನಾಗುತ್ತದೆ ಅನ್ನುವುದೂ ತಿಳಿದಿರಲಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರುತ್ತದೆ. ಓಝೋನ್ ತಾನು ಬೇಗ ಮುಗಿದುಹೋಗುತ್ತದೆ. ಆದರೆ ಬ್ರೋಮೈಡ್ ಜೊತೆ ಸೇರಿ ಹೈಪೋಬ್ರೋಮೈಟ್ ಮಾಡುತ್ತದೆ. ಅದು ಉಳಿದು ಮೀನಿನ ಕಿವಿರು ಸುಡುತ್ತದೆ. ಹಿಂದೆ ಹೇಳಿದ ನೀರಿನ ಕಾರ್ಬನ್ ಬೇಕಾಗುವುದು ಇದಕ್ಕೇ. ಈಜುಕೊಳದವರು ಬಳಸುವ ಡಿಪಿಡಿ ಟೋಟಲ್ ಕ್ಲೋರಿನ್ ಕಿಟ್ ಇದನ್ನೂ ತೋರಿಸುತ್ತದೆ. ಕಾರ್ಬನ್ ದಾಟಿ ಬಂದ ನೀರನ್ನು ಪರೀಕ್ಷಿಸಿ. ಸ್ವಲ್ಪ ಗುಲಾಬಿ ಕಂಡರೂ ಓಝೋನ್ ನಿಲ್ಲಿಸಿ.

ಕೇಳಿದವರು:

ತುಂಬಾ ಉಪಕಾರ ಮೇಡಂ. ಮಿಷನ್ ಇನ್ನೂ ಹಾಕಿಲ್ಲ, ಓಆರ್‌ಪಿ ಮೀಟರ್ ಮಾತ್ರ ಹಾಕಿ ನೋಡುತ್ತಿದ್ದೇನೆ. ಬೆಳಗ್ಗೆ 340 ಮಿಲಿವೋಲ್ಟ್ ಇತ್ತು, ಮೀನಿಗೆ ತಿಂಡಿ ಹಾಕಿದ ಮೇಲೆ 290ಕ್ಕೆ ಇಳಿಯಿತು. ಕೆಟ್ಟಿದೆಯಾ?

ಹಾಸನದಿಂದ, ಅದೇ ಮೇಡಂ:

ಕೆಟ್ಟಿಲ್ಲ. ತಿಂಡಿ ಬಿದ್ದಾಗ, ಕೈ ಹಾಕಿದಾಗ ಇಳಿಯುವುದು ಸಹಜ. ಓಝೋನ್ ಇಲ್ಲದೆ 340 ಬರುತ್ತಿದ್ದರೆ ನಿಮ್ಮ ಟ್ಯಾಂಕ್ ಚೆನ್ನಾಗಿಯೇ ಇದೆ. ಇನ್ನೊಂದು ಗಮನಿಸಿ. ಕಿಟಕಿ ಮುಚ್ಚಿದ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿ ನೀರಿನ ಪಿಎಚ್ ಇಳಿಯುತ್ತದೆ. ಪಿಎಚ್ ಇಳಿದರೆ ಓಆರ್‌ಪಿ ಏರುತ್ತದೆ. ನೀರು ಶುದ್ಧವಾಯಿತು ಅಂತ ಅರ್ಥ ಅಲ್ಲ. ಸುಮ್ನೆ ಆ ಸಂಖ್ಯೆಯ ಹಿಂದೆ ಓಡಬೇಡಿ. ಮುಂದೆ ಯಾವಾಗಲಾದರೂ ಓಝೋನ್ ಹಾಕಿದರೆ ಕಂಟ್ರೋಲರ್ 350 ಮಿಲಿವೋಲ್ಟಿಗೆ ಕಟ್ ಆಗುವಂತೆ ಇಡಿ. ಪ್ರೋಬ್ ಮೇಲೆ ಪಾಚಿ ಕೂತರೆ ತಪ್ಪು ಲೆಕ್ಕ ತೋರಿಸುತ್ತದೆ, ಕಂಟ್ರೋಲರ್ ಅದನ್ನೇ ನಂಬುತ್ತದೆ. ಪ್ರೋಬ್ ಒರೆಸಿ, ಕ್ಯಾಲಿಬ್ರೇಶನ್ ದ್ರಾವಣದಲ್ಲಿ ಅದ್ದಿ ನೋಡುವುದನ್ನು ಮರೆಯಬೇಡಿ.

ಮೂಡಿಗೆರೆಯಿಂದ:

ನಾನು ಓಝೋನ್ ಬಿಟ್ಟು ಬರೀ ಕಾರ್ಬನ್ನಿಗೆ ಬಂದವನು. ಹಳದಿಗೆ ಕಾರಣ ಕೊಳೆತ ಪಾಚಿ, ಉಳಿದ ತಿಂಡಿಯಿಂದ ಬರುವ ಸಾವಯವ ಕಲ್ಮಶ. ಲೆದರ್ ಕೋರಲ್ ಕೂಡ ನೀರಿಗೆ ಏನೇನೋ ಬಿಡುತ್ತದೆ. ಹೊಸ ಕಾರ್ಬನ್ ಹಾಕಿ ಕೆಲವು ದಿನ ಕಾಯಿರಿ. ಬಿಳಿ ಬಕೆಟ್ಟಿನಲ್ಲಿ ಟ್ಯಾಂಕ್ ನೀರು, ಇನ್ನೊಂದರಲ್ಲಿ ಹೊಸದಾಗಿ ಉಪ್ಪು ಕಲಸಿದ ನೀರು ಇಟ್ಟು ಹಗಲು ಬೆಳಕಿನಲ್ಲಿ ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ಓಝೋನ್ ಯಾಕೆ ಬೇಕು? ನೈಟ್ರೇಟ್, ಫಾಸ್ಫೇಟ್ ಅದರಿಂದ ಇಳಿಯುವುದಿಲ್ಲ. ಟ್ಯಾಂಕಿನಲ್ಲಿ ಬಂದ ಬಿಳಿ ಚುಕ್ಕೆ ರೋಗವೂ ಹೋಗುವುದಿಲ್ಲ.

ಹಾಗೇ, ಗಟ್ಟಿ ಹವಳ ಇಟ್ಟುಕೊಳ್ಳದಿರುವುದು ಒಳ್ಳೆಯದಾಯಿತು. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ಯಾರಾದರೂ ಮಾರಲು ಬಂದರೂ ತಗೊಳ್ಳಬೇಡಿ.

ಚಿಕ್ಕಮಗಳೂರಿನಿಂದ, ಮೊದಲು ಬರೆದವರು:

ಮೇಡಂ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನನ್ನ ಸಂಪ್ ಹಿತ್ತಲ ಜಗುಲಿಯಲ್ಲಿದೆ, ಕಪ್ಪಿನ ಗಾಳಿ ಕಾರ್ಬನ್ ದಾಟಿ ಹೊರಗೇ ಹೋಗುತ್ತದೆ. ಹಾಲ್‌ನಲ್ಲಿ ಇದ್ದಿದ್ದರೆ ನಾನೂ ಹಾಕುತ್ತಿರಲಿಲ್ಲ. ಮಿಷನ್ನನ್ನು ಒಣಗಿದ ಮಣಿಗಳ ಜೊತೆ ಡಬ್ಬಿಯಲ್ಲಿ ಹಾಕಿ ಎತ್ತಿಡಿ.

ಕಾರ್ಬನ್ನಿನಿಂದಲೇ ನೀರು ತಿಳಿಯಾದರೂ ಒಂದು ಜೋಪಾನ. ಹಳದಿ ನೀರು ನೀಲಿ ಬೆಳಕನ್ನು ಹೀರಿಕೊಳ್ಳುತ್ತಿರುತ್ತದೆ. ಹಳದಿ ಹೋದ ಕೂಡಲೇ ಕೋರಲ್‌ಗೆ ಒಮ್ಮೆಲೇ ಜಾಸ್ತಿ ಬೆಳಕು ಬೀಳುತ್ತದೆ. ಮಶ್ರೂಮ್‌ಗಳು ಮುದುಡಿ ಬಿಳಿಚಿಕೊಳ್ಳಬಹುದು. ಕಾರ್ಬನ್ ಹಾಕುವ ದಿನವೇ ಲೈಟನ್ನು ಕಾಲು ಭಾಗ ಇಳಿಸಿ, ಆಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಿ.